ಬಚ್ಚಿಟ್ಟ ಗಂಟು

ಹಲ್ಲು ನೋವು ಬಂದರೆ ಗಂಡಸು ಕೇರಿಗೆಲ್ಲ ಕೇಳುವಂತೆ ನರಳುತ್ತಾನೆ. ನೆಗಡಿಯಾದರಂತೂ ಮನೆಯವರೆಲ್ಲ ಎದ್ದು ನಿಂತು ಉಪಚಾರ ಮಾಡಬೇಕು. ಅಜೀರ್ಣ, ಮೂಲವ್ಯಾಧಿ, ಸಕ್ಕರೆ ಕಾಯಿಲೆ ಇವೆಲ್ಲ ಉದ್ಯಾನದ ಕಲ್ಲುಬೆಂಚಿನ ಮೇಲೆ ಪ್ರತಿ ಸಂಜೆಯೂ ಬಹಿರಂಗ ಚರ್ಚೆಗೆ ಒಳಗಾಗುವ ವಿಷಯಗಳು. ಆದರೆ ಇದೇ ಗಂಡಸಿಗೆ ಸೊಂಟದ ಕೆಳಗೆ, ತೊಡೆಗಳ ಸಂದಿನಲ್ಲಿ ಏನಾದರೊಂದು ತೊಂದರೆ ಕಾಣಿಸಿತೆನ್ನಿ, ಅವನು ಮೌನವ್ರತ ಹಿಡಿಯುತ್ತಾನೆ. ತಾಯಿಗೆ ಹೇಳುವುದಿಲ್ಲ, ಹೆಂಡತಿಗೆ ಹೇಳುವುದಿಲ್ಲ, ಪ್ರಾಣಸ್ನೇಹಿತನಿಗೂ ಹೇಳುವುದಿಲ್ಲ. ತನಗೆ ತಾನೇ ಹೇಳಿಕೊಳ್ಳಲೂ ಹಿಂಜರಿಯುತ್ತಾನೆ.

ಮನೆಮಂದಿಯೆಲ್ಲ ಕೈಯಿಂದ ಕೈಗೆ ದಾಟಿಸಿ ಓದುವ ವಾರಪತ್ರಿಕೆಯಲ್ಲಿ, ಧಾರಾವಾಹಿಯ ಪುಟಕ್ಕೂ ಅಡುಗೆಯ ಪುಟಕ್ಕೂ ನಡುವೆ, ವೃಷಣದ ಕ್ಯಾನ್ಸರಿನ ಮಾತೆತ್ತುವುದು ಉಚಿತವೇ ಎಂದು ಕೆಲವರಿಗಾದರೂ ಅನ್ನಿಸಬಹುದು. ಉಚಿತವೆಂದೇ ನನ್ನ ಅಭಿಪ್ರಾಯ. ಈ ರೋಗ ಹೆಚ್ಚಾಗಿ ಹುಡುಕಿಕೊಂಡು ಬರುವುದು ಮುದುಕರನ್ನಲ್ಲ. ಕಾಲೇಜಿಗೆ ಹೋಗುವ ಹುಡುಗನನ್ನು, ಹೊಸದಾಗಿ ಕೆಲಸಕ್ಕೆ ಸೇರಿದವನನ್ನು, ಮದುವೆಯಾಗಿ ಎರಡು ವರ್ಷ ತುಂಬದ ತರುಣನನ್ನು. ಹದಿನೈದರಿಂದ ನಲವತ್ತರವರೆಗಿನ ವಯಸ್ಸು ಇದರ ಮುಖ್ಯ ಬೇಟೆಯ ಬಯಲು. ಅಂಥ ಮಗನಾಗಲಿ ತಮ್ಮನಾಗಲಿ ಗಂಡನಾಗಲಿ ಇಲ್ಲದ ಮನೆ ನಮ್ಮ ನಗರಗಳಲ್ಲಿ ಎಷ್ಟಿದ್ದೀತು? ಅಷ್ಟೇ ಅಲ್ಲ, ಕ್ಯಾನ್ಸರ್ ಎಂಬ ಹೆಸರು ಹೊತ್ತ ರೋಗಗಳಲ್ಲೆಲ್ಲ ಇಷ್ಟು ಸುಲಭವಾಗಿ ಸೋಲುವ ರೋಗ ಮತ್ತೊಂದು ಸಿಗುವುದು ಕಷ್ಟ. ಗೆಲ್ಲಬಹುದಾದ ಯುದ್ಧವನ್ನು ನಾಚಿಕೆಯಿಂದ ಸೋಲುವುದು ಯಾವ ಮರ್ಯಾದೆ?

ಕನ್ನಡದ ಮೇಷ್ಟರಾದ ನನಗೆ ಇಲ್ಲಿ ಮೊದಲು ಎದುರಾಗುವುದು ಮಾತಿನ ತೊಡಕು. ವೃಷಣ, ಅಂಡ ಎಂಬ ಸಂಸ್ಕೃತ ಪದಗಳು ಪುಸ್ತಕದಲ್ಲಿವೆ, ಬಾಯಲ್ಲಿಲ್ಲ. ತರಡು ಎಂಬ ಅಚ್ಚಗನ್ನಡದ ಪದವೊಂದು ನಿಘಂಟಿನ ಮೂಲೆಯಲ್ಲಿ ಮಲಗಿದೆ. ಜನ ಆಡುವ ‘ಬೀಜ’ವೆಂಬ ಮಾತು ಆಟದ ಬಯಲಿನಲ್ಲಿ ಚೆಂಡು ತಗುಲಿದಾಗ ನಗೆಯ ನಡುವೆ ಕೇಳಿಬಂದೀತೇ ಹೊರತು ವೈದ್ಯರ ಮುಂದೆ ಹೊರಡುವುದಿಲ್ಲ. ಇದರ ಫಲವಾಗಿ, ಸಕಲ ವಿಷಯಗಳಲ್ಲಿಯೂ ವಾಚಾಳಿಯಾದ ವಿದ್ಯಾವಂತ ಯುವಕನೂ ವೈದ್ಯರೆದುರು ಕುಳಿತು, “ಸಾರ್, ಕೆಳಗಡೆ ಸ್ವಲ್ಪ…” ಎಂದು ಆರಂಭಿಸಿ, ಮೇಜಿನ ಮೇಲಿನ ಗಾಜಿನ ಗುಂಡನ್ನೇ ನೋಡುತ್ತ ಉಳಿದುಬಿಡುತ್ತಾನೆ. ಲ್ಯಾಟಿನ್ ಭಾಷೆಯಲ್ಲಿ ಈ ಅವಯವದ ಹೆಸರಿಗೂ ‘ಸಾಕ್ಷಿ’ ಎಂಬ ಪದಕ್ಕೂ ಒಂದೇ ರೂಪವಂತೆ: ಟೆಸ್ಟಿಸ್. ನಮ್ಮ ಕಡೆ ಮಾತ್ರ ಈ ಸಾಕ್ಷಿ ಬಾಯಿ ಬಿಡುವುದಿಲ್ಲ.

ರೋಗ ಅಪರೂಪದ್ದು ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಓದುಗರನ್ನು ಹೆದರಿಸಿ ನಿದ್ದೆಗೆಡಿಸುವ ಉದ್ದೇಶ ನನಗಿಲ್ಲ. ೨೦೨೦ರಲ್ಲಿ ಇಡೀ ಲೋಕದಲ್ಲಿ ಸುಮಾರು ೭೪,೦೦೦ ಜನರಲ್ಲಿ ಇದು ಹೊಸದಾಗಿ ಕಾಣಿಸಿಕೊಂಡಿತು. ಸುಮಾರು ೯,೩೦೦ ಜನ ಇದರಿಂದ ತೀರಿಕೊಂಡರು. ಗಂಡಸರಿಗೆ ಬರುವ ಕ್ಯಾನ್ಸರುಗಳನ್ನೆಲ್ಲ ರಾಶಿ ಹಾಕಿದರೆ ಇದರ ಪಾಲು ನೂರಕ್ಕೆ ಒಂದನ್ನು ಮುಟ್ಟುವುದಿಲ್ಲ. ನಾರ್ವೆ, ಡೆನ್ಮಾರ್ಕ್ ಮೊದಲಾದ ತಣ್ಣನೆಯ ದೇಶಗಳಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಹತ್ತು ಮಂದಿಯ ಆಸುಪಾಸಿನಲ್ಲಿ ಕಂಡುಬಂದರೆ, ನಮ್ಮ ದೇಶದಲ್ಲಿ ಲಕ್ಷಕ್ಕೆ ಒಬ್ಬನಿಗಿಂತಲೂ ಕಡಿಮೆ. ಆದರೆ ನಮ್ಮದು ಸಣ್ಣ ದೇಶವಲ್ಲ. ಲಕ್ಷಕ್ಕೆ ಒಬ್ಬನಿಗಿಂತ ಕಡಿಮೆಯೆಂಬ ಲೆಕ್ಕವನ್ನು ನಮ್ಮ ಜನಸಂಖ್ಯೆಯ ಮೇಲೆ ಹರಡಿದರೆ ವರ್ಷಕ್ಕೆ ಕೆಲವು ಸಾವಿರ ಯುವಕರಾಗುತ್ತಾರೆ. ಇನ್ನೊಂದು ಮಾತು: ರೋಗ ಹೆಚ್ಚಾಗಿರುವ ಆ ಸಿರಿವಂತ ದೇಶಗಳಲ್ಲಿ ಸಾವು ಬಲು ಕಡಿಮೆ, ರೋಗ ಕಡಿಮೆಯಿರುವ ಬಡ ದೇಶಗಳಲ್ಲಿ, ರೋಗ ಬಂದವರ ಪೈಕಿ ಸಾಯುವವರ ಪ್ರಮಾಣ ಹೆಚ್ಚು. ಔಷಧದ ಕೊರತೆ, ಹಣದ ಕೊರತೆ ಇದಕ್ಕೆ ಕಾರಣವಾದಂತೆಯೇ ತಡವಾಗಿ ಬಾಯಿ ಬಿಡುವುದೂ ಒಂದು ಕಾರಣ.

ಈ ಅವಯವದ ಜನ್ಮವೃತ್ತಾಂತ ಸ್ವಾರಸ್ಯವಾದದ್ದು. ಅದನ್ನು ತಿಳಿದರೆ ರೋಗದ ನಡೆಯೂ ಅರ್ಥವಾಗುತ್ತದೆ. ವೃಷಣಗಳು ಹುಟ್ಟುವುದು ಈಗಿರುವ ತಾಣದಲ್ಲಲ್ಲ. ತಾಯಿಯ ಗರ್ಭದಲ್ಲಿ ಗಂಡು ಶಿಶು ರೂಪುಗೊಳ್ಳುವಾಗ ಅವು ಹೊಟ್ಟೆಯ ಒಳಗೆ, ಬೆನ್ನಿನ ಗೋಡೆಗೆ ಅಂಟಿಕೊಂಡು, ಮೂತ್ರಪಿಂಡಗಳ ನೆರೆಯಲ್ಲಿ ಮೊಳೆಯುತ್ತವೆ. ಅನಂತರ ಮೆಲ್ಲಮೆಲ್ಲನೆ ಕೆಳಗಿಳಿದು, ಗರ್ಭದ ಕೊನೆಯ ತಿಂಗಳುಗಳಲ್ಲಿ ತೊಡೆಸಂದಿನ ಕಿರುದಾರಿಯನ್ನು ಹಾದು, ಹೊರಗಿನ ಚರ್ಮದ ಚೀಲಕ್ಕೆ ಬಂದು ಸೇರುತ್ತವೆ. ಊರು ಬಿಟ್ಟು ಬಂದವನು ತವರಿನ ನಂಟನ್ನು ಬಿಡದಂತೆ, ಇವು ತಮ್ಮ ರಕ್ತನಾಳಗಳನ್ನೂ ದುಗ್ಧರಸದ ನಾಳಗಳನ್ನೂ ಮೇಲಿನಿಂದಲೇ ಎಳೆದು ತರುತ್ತವೆ. ಆದಕಾರಣ ವೃಷಣದಲ್ಲಿ ಹುಟ್ಟಿದ ಕ್ಯಾನ್ಸರ್ ಹರಡಲು ಹೊರಟಾಗ ಪಕ್ಕದ ತೊಡೆಸಂದಿಗೆ ಹೋಗುವುದು ವಿರಳ. ಸಾಮಾನ್ಯವಾಗಿ ನೇರವಾಗಿ ಹೊಟ್ಟೆಯ ಹಿಂಭಾಗಕ್ಕೆ, ಮೂತ್ರಪಿಂಡದ ಬಳಿಯಿರುವ ದುಗ್ಧಗ್ರಂಥಿಗಳಿಗೆ ಏರುತ್ತದೆ. ಅಲ್ಲಿಂದ ಮುಂದೆ ಶ್ವಾಸಕೋಶಕ್ಕೆ. ಬೆನ್ನುನೋವೆಂದು ತಿಂಗಳುಗಟ್ಟಲೆ ಮುಲಾಮು ತಿಕ್ಕಿಸಿಕೊಂಡ ತರುಣನ ನಿಜವಾದ ರೋಗ ಎಲ್ಲಿತ್ತೆಂಬುದು ಕೊನೆಗೆ ಬಯಲಾದ ನಿದರ್ಶನಗಳು ವೈದ್ಯರ ಅನುಭವದಲ್ಲಿ ಉಂಟು.

ಕೆಲವು ಶಿಶುಗಳಲ್ಲಿ ಈ ಪ್ರಯಾಣ ಅರ್ಧದಲ್ಲೇ ನಿಂತುಬಿಡುತ್ತದೆ. ಒಂದೋ ಎರಡೋ ವೃಷಣ ಹೊಟ್ಟೆಯೊಳಗೆ ಅಥವಾ ತೊಡೆಸಂದಿನಲ್ಲಿ ಉಳಿಯುತ್ತದೆ. ಈ ರೋಗಕ್ಕೆ ದಾರಿ ಮಾಡಿಕೊಡುವ ಕಾರಣಗಳಲ್ಲಿ ಎಲ್ಲರೂ ಒಪ್ಪಿದ್ದು ಇದೇ. ೨೦೦೭ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಅಧ್ಯಯನವೊಂದು, ಹೀಗೆ ಇಳಿಯದ ವೃಷಣವನ್ನು ಶಸ್ತ್ರಚಿಕಿತ್ಸೆಯಿಂದ ಇಳಿಸಿದ ಸುಮಾರು ಹದಿನೇಳು ಸಾವಿರ ಜನರನ್ನು ವರ್ಷಾನುಗಟ್ಟಲೆ ಗಮನಿಸಿತು. ಹದಿಮೂರು ವರ್ಷ ತುಂಬುವ ಮೊದಲೇ ಚಿಕಿತ್ಸೆಯಾದವರಲ್ಲಿ ಕ್ಯಾನ್ಸರಿನ ಸಂಭವ ಉಳಿದವರಿಗಿಂತ ಎರಡು ಪಟ್ಟು ಹೆಚ್ಚಿದ್ದರೆ, ಅನಂತರ ಚಿಕಿತ್ಸೆಯಾದವರಲ್ಲಿ ಐದು ಪಟ್ಟಿಗೂ ಮಿಗಿಲಾಗಿತ್ತು. ಅಣ್ಣನಿಗೋ ತಮ್ಮನಿಗೋ ತಂದೆಗೋ ಈ ರೋಗ ಬಂದಿದ್ದರೂ, ಒಂದು ಕಡೆ ಈಗಾಗಲೇ ಬಂದು ಗುಣವಾಗಿದ್ದರೂ ಎಚ್ಚರಿಕೆ ಹೆಚ್ಚಿರಬೇಕು.

ಇನ್ನು ಕಾರಣಗಳಲ್ಲದ ಕಾರಣಗಳು ಬಹಳ. ಬಿಗಿಯಾದ ಒಳಉಡುಪು, ಸೈಕಲ್ ಸವಾರಿ, ಆಟದಲ್ಲಿ ಬಿದ್ದ ಏಟು, ಸಂತಾನಹರಣ ಚಿಕಿತ್ಸೆ ಇವು ಯಾವುವೂ ಈ ರೋಗವನ್ನು ತರುತ್ತವೆಂಬುದಕ್ಕೆ ಆಧಾರವಿಲ್ಲ. ಹದಿಹರೆಯದ ಹುಡುಗರನ್ನು ಗುಟ್ಟಾಗಿ ಕಾಡುವ ‘ನನ್ನ ಕೆಟ್ಟ ಅಭ್ಯಾಸದಿಂದ ಹೀಗಾಯಿತು’ ಎಂಬ ಪಾಪಭೀತಿಗೂ ಆಧಾರವಿಲ್ಲ. ಈ ಒಂದು ವಾಕ್ಯವನ್ನು ಯಾರಾದರೂ ಪ್ರೌಢಶಾಲೆಯ ಗೋಡೆಯ ಮೇಲೆ ಬರೆಸಿದರೆ ಪುಣ್ಯ ಬಂದೀತು.

ನನ್ನ ವಿದ್ಯಾರ್ಥಿಯೊಬ್ಬನ ವಿಷಯವನ್ನು, ಅವನ ಒಪ್ಪಿಗೆ ಪಡೆದು, ಹೆಸರು ಊರುಗಳನ್ನು ಬಿಟ್ಟು ಹೇಳುತ್ತೇನೆ. ಕಡೆಯ ವರ್ಷದ ಬಿ.ಎ. ತರಗತಿಯ ಹುಡುಗ, ಕಬಡ್ಡಿ ಆಟಗಾರ, ಪಾಠದಲ್ಲಿ ನಿದ್ದೆ ಮಾಡಿದರೂ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಜಾತಿಯವನು. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ತರಗತಿ ಮುಗಿದು ಎಲ್ಲರೂ ಹೋದರೂ ಇವನು ಬಾಗಿಲ ಬಳಿ ನಿಂತೇ ಇದ್ದ.

“ಸಾರ್, ಒಂದು ಮಾತು… ಪಾಠದ್ದಲ್ಲ.”

ಪಾಠದ್ದಲ್ಲವೆಂಬುದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಹೇಳಲು ಹತ್ತು ನಿಮಿಷ ಹಿಡಿಯಿತು. ದಸರಾ ರಜೆಯಲ್ಲಿ ಸ್ನಾನ ಮಾಡುವಾಗ ಬಲಗಡೆಯ ವೃಷಣದ ಮೇಲೆ ತೊಗರಿಕಾಳಿನಷ್ಟು ಗಟ್ಟಿಯಾದದ್ದೊಂದು ಕೈಗೆ ತಗುಲಿತ್ತಂತೆ. ಕಬಡ್ಡಿಯಲ್ಲಿ ಬಿದ್ದ ಏಟೆಂದು ಸುಮ್ಮನಾದ. ದೀಪಾವಳಿ ಕಳೆಯಿತು, ಅದು ಹೋಗಲಿಲ್ಲ. ಔಷಧದ ಅಂಗಡಿಯವನಿಗೆ “ಗಂಟಿಗೆ ಏನಾದರೂ ಕೊಡಿ” ಎಂದು ಕೇಳಿ ಮುಲಾಮೊಂದನ್ನು ತಂದು ಹಚ್ಚಿದ. ರಾತ್ರಿ ಹೊದಿಕೆಯೊಳಗೆ ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದಿ, ತಾನು ಸತ್ತೇ ಹೋಗುವೆನೆಂದು ನಿರ್ಧರಿಸಿಕೊಂಡ. ನಿರ್ಧರಿಸಿಕೊಂಡ ಮೇಲೂ ಬೆಳಗ್ಗೆ ಎದ್ದು ಕಾಲೇಜಿಗೆ ಬರುತ್ತಿದ್ದ, ಸಂಜೆ ಆಡುತ್ತಿದ್ದ. ಈಗ ಅದು ನಿಂಬೆಹಣ್ಣಿನ ಗಾತ್ರಕ್ಕೆ ಬಂದು, ನಡೆದರೆ ಭಾರವೆನಿಸುತ್ತಿತ್ತು.

“ಇಷ್ಟು ದಿನ ಏಕೆ ಸುಮ್ಮನಿದ್ದೆಯಪ್ಪ?”

“ನೋವಿರಲಿಲ್ಲವಲ್ಲ, ಸಾರ್.”

ಈ ಉತ್ತರವನ್ನು ಓದುಗರು ಗಮನವಿಟ್ಟು ಓದಬೇಕು. ಈ ರೋಗದ ಮೋಸವೆಲ್ಲ ಅದರಲ್ಲಿದೆ. ನೋಯುವ ಗಂಟಿಗೆ ಮನುಷ್ಯ ಓಡಿಹೋಗುತ್ತಾನೆ. ನೋಯದ ಗಂಟಿನೊಡನೆ ಸಂಸಾರ ಮಾಡುತ್ತಾನೆ. ಈ ಕ್ಯಾನ್ಸರಿನ ಮೊದಲ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ. ಆದರೆ ಅದು ಸೋಮಾರಿಯೂ ಅಲ್ಲ. ಕೆಲವು ಬಗೆಯ ಗೆಡ್ಡೆಗಳು ಕೆಲವೇ ವಾರಗಳಲ್ಲಿ ಇಮ್ಮಡಿಯಾಗಬಲ್ಲವು.

ಮಾರನೆಯ ದಿನವೇ ಶಸ್ತ್ರವೈದ್ಯರ ಬಳಿಗೆ ಹೋದೆವು. ಅದಕ್ಕೆ ಮುಂಚೆ ಅವನ ತಂದೆಯನ್ನು ಕರೆಸಬೇಕಾಯಿತು. ಸಣ್ಣ ಬಟ್ಟೆ ಅಂಗಡಿಯ ಯಜಮಾನರು, ಮಾತು ಕಡಿಮೆ. ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, “ಮೇಷ್ಟ್ರೇ, ದಯವಿಟ್ಟು ಯಾರಿಗೂ ಹೇಳಬೇಡಿ. ಇವನಿಗೊಬ್ಬಳು ತಂಗಿ ಇದ್ದಾಳೆ” ಎಂದರು. ಆ ಮಾತನ್ನು ನಾನು ತಪ್ಪೆನ್ನಲಾರೆ. ಮಗನ ಪ್ರಾಣದ ಚಿಂತೆಯ ಪಕ್ಕದಲ್ಲೇ ಮಗಳ ಮದುವೆಯ ಚಿಂತೆಯೂ ಒಂದೇ ಉಸಿರಿನಲ್ಲಿ ಏಳುವಂತೆ ನಮ್ಮ ಸಮಾಜ ತಂದೆತಾಯಿಗಳ ಎದೆಯನ್ನು ಹದಗೊಳಿಸಿದೆ. ಪರೀಕ್ಷೆಗಳಾದವು, ಶಸ್ತ್ರಚಿಕಿತ್ಸೆಯಾಯಿತು. ಹೊಟ್ಟೆಯ ಹಿಂದಿನ ಗ್ರಂಥಿಗಳಿಗೆ ರೋಗ ಆಗಲೇ ಹಬ್ಬಿದ್ದುದರಿಂದ ಮೂರು ಸುತ್ತು ರಾಸಾಯನಿಕ ಚಿಕಿತ್ಸೆಯೂ ಬೇಕಾಯಿತು. ದಸರೆಯಲ್ಲೇ ಬಾಯಿ ಬಿಟ್ಟಿದ್ದರೆ ಆ ಮೂರು ಸುತ್ತು ತಪ್ಪುತ್ತಿತ್ತೋ ಏನೋ. ಕೂದಲು ಉದುರಿತು, ವಾಂತಿಯಾಯಿತು, ಆ ವರ್ಷದ ಪರೀಕ್ಷೆ ಹೋಯಿತು. ಮುಂದಿನ ವರ್ಷ ಬರೆದು ಪಾಸಾದ. ತಂಗಿಯ ಮದುವೆಗೆ ನಾನೂ ಹೋಗಿದ್ದೆ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದವನು ಅವನೇ.

ಇನ್ನು ನೋಡಿಕೊಳ್ಳುವ ಕ್ರಮ. ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ಎರಡು ಕೈ, ಎರಡು ಮೂರು ನಿಮಿಷ, ಒಂದು ಚಿಲಕವಿರುವ ಬಚ್ಚಲುಮನೆ ಇದ್ದರೆ ಸಾಕು. ಬಿಸಿನೀರಿನ ಸ್ನಾನದ ಹೊತ್ತು ಪ್ರಶಸ್ತ. ವೃಷಣಗಳಿಗೆ ದೇಹದ ಒಳಗಿಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಆದ್ದರಿಂದಲೇ ಪ್ರಕೃತಿ ಅವನ್ನು ಹೊರಗೆ ತೂಗುಹಾಕಿದೆ. ಚಳಿಯಾದಾಗ ಚೀಲ ಮುದುಡಿ ಅವನ್ನು ಮೈಗೆ ಎಳೆದುಕೊಳ್ಳುತ್ತದೆ. ಬೆಚ್ಚಗಾದಾಗ ಸಡಿಲಿ ಇಳಿಬಿಡುತ್ತದೆ. ಚರ್ಮ ಸಡಿಲಿದ್ದಾಗ ಒಳಗಿನದು ಬೆರಳಿಗೆ ಚೆನ್ನಾಗಿ ಸಿಕ್ಕುತ್ತದೆ. ನಮ್ಮಲ್ಲಿ ಇನ್ನೂ ಎಣ್ಣೆನೀರಿನ ಪದ್ಧತಿಯನ್ನು ಉಳಿಸಿಕೊಂಡಿರುವ ಮನೆಗಳವರಿಗೆ ಇದು ಬಹು ಅನುಕೂಲ. ಹಂಡೆಯ ಬಿಸಿನೀರು, ಸೀಗೆಪುಡಿ, ಬಿಡುವು ಮೂರೂ ಅಲ್ಲಿರುತ್ತವೆ.

ಮೊದಲು ನಿಂತುಕೊಂಡು ಕಣ್ಣಿನಿಂದ ನೋಡಬೇಕು: ಎಲ್ಲಿಯಾದರೂ ಊತವುಂಟೇ, ಒಂದು ಕಡೆ ಹೊಸದಾಗಿ ದೊಡ್ಡದಾಗಿದೆಯೇ ಎಂದು. ಅನಂತರ ಒಂದೊಂದಾಗಿ ವೃಷಣವನ್ನು ಎರಡೂ ಕೈಗಳ ಬೆರಳುಗಳ ಮೇಲೆ ಇರಿಸಿಕೊಂಡು, ಹೆಬ್ಬೆರಳುಗಳನ್ನು ಮೇಲಿಟ್ಟು, ಮೆಲ್ಲನೆ ಉರುಳಿಸುತ್ತ ಮೇಲ್ಮೈಯನ್ನೆಲ್ಲ ತಡವಬೇಕು. ಅಮುಕಿ ನೋಯಿಸಬೇಕಾಗಿಲ್ಲ. ಆರೋಗ್ಯವಂತ ವೃಷಣ ಸಣ್ಣ ಮೊಟ್ಟೆಯ ಆಕಾರದ್ದು, ನಾಲ್ಕೈದು ಸೆಂಟಿಮೀಟರ್ ಉದ್ದದ್ದು. ಮೇಲ್ಮೈ ನುಣುಪು, ಒತ್ತಿದರೆ ತುಸು ಬಿಗಿ. ಸಿಪ್ಪೆ ಬಿಡಿಸಿದ ಬೇಯಿಸಿದ ಮೊಟ್ಟೆಯನ್ನು ಮುಟ್ಟಿದಂತೆ ಎಂದು ವೈದ್ಯರು ಹೇಳುವ ಹೋಲಿಕೆ, ಮೊಟ್ಟೆ ಮುಟ್ಟದ ಮನೆಗಳವರಿಗೆ ಉಪಯೋಗವಾಗದು. ಅವರು ಸಿಪ್ಪೆ ಸುಲಿದ ಹಸಿ ಹಲಸಿನ ಬೀಜವನ್ನು ನೆನೆಯಬಹುದು, ಅಷ್ಟು ಗಟ್ಟಿಯಲ್ಲವೆಂಬುದನ್ನು ಸೇರಿಸಿಕೊಂಡು. ಒಂದು ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರುವುದೂ, ಒಂದು, ಸಾಮಾನ್ಯವಾಗಿ ಎಡಗಡೆಯದು, ಸ್ವಲ್ಪ ಕೆಳಗೆ ಇಳಿಬಿದ್ದಿರುವುದೂ ಸಹಜ, ಗಾಬರಿ ಬೇಡ.

ಹೊಸಬರನ್ನು ಬೆಚ್ಚಿಬೀಳಿಸುವುದು ಹಿಂಭಾಗದಲ್ಲಿರುವ ಮೆತ್ತನೆಯ ಹುರಿಯಂಥ ಭಾಗ. ವೀರ್ಯಾಣುಗಳು ಬಲಿತು ಸಾಗುವ ಸುರುಳಿನಾಳ ಅದು, ಎಲ್ಲರಲ್ಲಿಯೂ ಇರುತ್ತದೆ. ಮೊದಲ ಸಲ ಅದನ್ನು ಗುರುತಿಸಿಕೊಂಡರೆ ಮುಂದೆ ಭ್ರಮೆಯಿರದು. ಚೀಲದಲ್ಲಿ ಸಿಕ್ಕುವ ಗಂಟುಗಳೆಲ್ಲವೂ ಕ್ಯಾನ್ಸರಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ವೃಷಣದ ಸುತ್ತ ನೀರು ತುಂಬುವುದುಂಟು. ರಕ್ತನಾಳಗಳು ಉಬ್ಬಿ ಎರೆಹುಳುಗಳ ಗಂಟಿನಂತೆ ಕೈಗೆ ತಗುಲುವುದುಂಟು. ಹಿಂದಿನ ನಾಳದ ಮೇಲೆ ನೀರುಗುಳ್ಳೆ ಏಳುವುದುಂಟು. ಕರುಳು ತೊಡೆಸಂದಿನಿಂದ ಇಳಿದು ಬರುವುದುಂಟು. ಇವುಗಳಿಗೆಲ್ಲ ಬೇರೆ ಬೇರೆ ಚಿಕಿತ್ಸೆ. ಆದರೆ ವೃಷಣದ ಮೈಗೇ ಅಂಟಿಕೊಂಡ, ಕಾಳಿನಷ್ಟಾಗಲಿ ಗೋಲಿಯಷ್ಟಾಗಲಿ ಗಟ್ಟಿಯಾದ, ನೋಯದ ಗಂಟು, ವೃಷಣವೇ ಇಡಿಯಾಗಿ ಗಟ್ಟಿಯಾಗಿ ದಪ್ಪವಾಗುವುದು, ಕಾರಣವಿಲ್ಲದ ಭಾರ, ಕಿಬ್ಬೊಟ್ಟೆಯಲ್ಲಿ ಸಣ್ಣಗೆ ಎಳೆದಂತಾಗುವ ನೋವು, ಇದ್ದಕ್ಕಿದ್ದಂತೆ ನೀರು ತುಂಬುವುದು, ಇವುಗಳಲ್ಲಿ ಯಾವುದನ್ನು ಕಂಡರೂ ಆ ವಾರದಲ್ಲೇ ವೈದ್ಯರಿಗೆ ತೋರಿಸಬೇಕು. ತರುಣನ ಎದೆ ಹೆಣ್ಣಿನದರಂತೆ ಉಬ್ಬಿ ಮುಟ್ಟಿದರೆ ನೋಯುವುದೂ ಕೆಲವೊಮ್ಮೆ ಈ ಗೆಡ್ಡೆ ಸ್ರವಿಸುವ ರಸದ ಫಲವಾಗಿರುತ್ತದೆ. ಗರ್ಭಿಣಿಯ ದೇಹದಲ್ಲಿ ಕಾಣಿಸಿಕೊಳ್ಳುವ ಹಾರ್ಮೋನನ್ನೇ ಕೆಲವು ಗೆಡ್ಡೆಗಳು ಗಂಡಸಿನ ದೇಹದಲ್ಲಿ ತಯಾರಿಸುತ್ತವೆಂಬುದು ಪ್ರಕೃತಿಯ ವಿಚಿತ್ರ ಪರಿಹಾಸ್ಯ!

ಇದೊಂದು ಪ್ರತ್ಯೇಕ ಎಚ್ಚರಿಕೆ: ವೃಷಣದಲ್ಲಿ ಏಕಾಏಕಿ ತಡೆಯಲಾರದ ನೋವು ಎದ್ದು ವಾಂತಿ ಬರುವಂತಾದರೆ ಅದು ಕ್ಯಾನ್ಸರಲ್ಲ, ವೃಷಣ ತನ್ನ ಹುರಿಯ ಮೇಲೆ ತಿರುಚಿಕೊಂಡಿರಬಹುದು. ಅದಕ್ಕೆ ವಾರವಲ್ಲ, ಬೆಳಗಾಗುವವರೆಗೂ ಕಾಯುವಂತಿಲ್ಲ. ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಅವಯವ ಉಳಿಯುವ ಸಂಭವ ಬಹಳ ಹೆಚ್ಚು. ಹೊತ್ತು ಮೀರಿದಷ್ಟೂ ಆ ಸಂಭವ ಕುಗ್ಗುತ್ತದೆ.

ಹೀಗೆ ಪ್ರತಿಯೊಬ್ಬನೂ ತಿಂಗಳು ತಿಂಗಳೂ ಪರೀಕ್ಷಿಸಿಕೊಳ್ಳಲೇಬೇಕೇ? ಈ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲವೆಂಬುದನ್ನು ಮುಚ್ಚಿಡಬಾರದು. ರೋಗ ತಡೆಯ ವಿಷಯವಾಗಿ ಸಲಹೆ ಕೊಡುವ ಅಮೆರಿಕದ ತಜ್ಞರ ಮಂಡಲಿಯೊಂದು ೨೦೧೧ರಲ್ಲಿ, ಯಾವ ತೊಂದರೆಯೂ ಇಲ್ಲದ ಗಂಡಸರೆಲ್ಲ ಇದಕ್ಕಾಗಿ ಕ್ರಮವಾಗಿ ಪರೀಕ್ಷೆ ಮಾಡಿಕೊಳ್ಳುವುದು ಬೇಡವೆಂದೇ ಹೇಳಿತು. ರೋಗ ಅಪರೂಪ, ಸ್ವಲ್ಪ ತಡವಾಗಿ ಸಿಕ್ಕಿದರೂ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ, ಏನೂ ಅಲ್ಲದ ಗಂಟುಗಳನ್ನು ಹಿಡಿದುಕೊಂಡು ಜನ ವೃಥಾ ಹೆದರುತ್ತಾರೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಆ ವಾದವನ್ನು ಹೂಡಿದ್ದು, ಗಂಟು ಸಿಕ್ಕಿದರೆ ಹುಡುಗ ವೈದ್ಯರ ಬಳಿ ಹೋಗುತ್ತಾನೆಂಬ ನಂಬಿಕೆಯಿರುವ ದೇಶದಲ್ಲಿ. ನಮ್ಮ ಹುಡುಗರ ಕೈಯಲ್ಲಿ ಗಂಟು ಸಿಕ್ಕಿದ ಮೇಲೂ ಮೂರು ನಾಲ್ಕು ತಿಂಗಳು ಕಳೆಯುತ್ತದೆ. ಆದ್ದರಿಂದ, ವೈದ್ಯನಲ್ಲದ ನನ್ನ ಸಾಮಾನ್ಯ ಬುದ್ಧಿಗೆ ತೋರುವುದಿಷ್ಟು: ಇದನ್ನೊಂದು ವ್ರತ ಮಾಡಿಕೊಂಡು ದಿನವೂ ತಡವಿ ತಡವಿ ಹುಚ್ಚು ಹಿಡಿಸಿಕೊಳ್ಳುವುದು ಬೇಡ, ತನ್ನ ದೇಹದ ಸಹಜ ಸ್ಥಿತಿ ಹೇಗಿದೆಯೆಂಬುದನ್ನು ಪ್ರತಿಯೊಬ್ಬ ತರುಣನೂ ಒಮ್ಮೆಯಾದರೂ ತಿಳಿದಿರಬೇಕು, ಆಗಲೇ ಅಸಹಜವಾದದ್ದು ಗೊತ್ತಾಗುವುದು. ಬಾಲ್ಯದಲ್ಲಿ ವೃಷಣ ಇಳಿಯದಿದ್ದವರೂ, ಮನೆಯಲ್ಲಿ ಈ ರೋಗ ಕಂಡವರೂ ವೈದ್ಯರನ್ನು ಕೇಳಿ ತಿಂಗಳಿಗೊಮ್ಮೆ ತಪ್ಪದೆ ನೋಡಿಕೊಳ್ಳುವುದು ಲೇಸು.

ವೈದ್ಯರ ಬಳಿ ಹೋದಮೇಲೆ ಏನಾಗುತ್ತದೆಂಬ ಅಂಜಿಕೆಯೇ ಅನೇಕರನ್ನು ಮನೆಯಲ್ಲಿ ಕೂರಿಸುತ್ತದೆ. ಮೊದಲು ಕೈಯಿಂದ ಪರೀಕ್ಷೆ, ಅನಂತರ ಅಲ್ಟ್ರಾಸೌಂಡ್. ಬಸುರಿಯರಿಗೆ ಮಾಡುವ ಅದೇ ಸ್ಕ್ಯಾನ್, ನೋವಿಲ್ಲ. ಜೊತೆಗೆ ರಕ್ತಪರೀಕ್ಷೆ. ಸೂಜಿ ಚುಚ್ಚಿ ತುಣುಕು ತೆಗೆದು ನೋಡುವ ಪದ್ಧತಿ ಇಲ್ಲಿ ಸಾಮಾನ್ಯವಾಗಿ ಇಲ್ಲ. ರೋಗ ಚೆಲ್ಲಿ ಹೊಸ ದಾರಿ ಹಿಡಿದೀತೆಂಬ ಭಯ. ಅನುಮಾನ ಬಲವಾಗಿದ್ದರೆ ತೊಡೆಸಂದಿನ ಬಳಿ ಸಣ್ಣದಾಗಿ ಕೊಯ್ದು, ವೃಷಣವನ್ನು ಅದರ ಹುರಿಯೊಡನೆ ಇಡಿಯಾಗಿ ತೆಗೆಯುತ್ತಾರೆ. ಚೀಲವನ್ನೇ ಕೊಯ್ಯದೆ ಮೇಲಿನಿಂದ ತೆಗೆಯುವುದೇಕೆಂಬುದು, ಮೇಲೆ ಹೇಳಿದ ತವರಿನ ನಂಟನ್ನು ನೆನೆದವರಿಗೆ ಹೊಳೆದೀತು. ರೋಗ ವೃಷಣದೊಳಗೇ ಇದ್ದರೆ ಅನೇಕರಿಗೆ ಅಲ್ಲಿಗೆ ಮುಗಿಯಿತು. ಮುಂದೆ ಕೆಲವು ವರ್ಷ ತಪ್ಪದೆ ತಪಾಸಣೆ. ಅಮೆರಿಕದ ಲೆಕ್ಕದಂತೆ, ಈ ಹಂತದಲ್ಲಿ ಸಿಕ್ಕಿದವರಲ್ಲಿ ಐದು ವರ್ಷಗಳ ಅನಂತರವೂ ಬದುಕಿರುವವರು ನೂರಕ್ಕೆ ೯೯. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕಿದವರಲ್ಲಿ ನೂರಕ್ಕೆ ೭೩ರ ಆಸುಪಾಸು. ಎರಡನೆಯ ಅಂಕೆಯೂ ಕ್ಯಾನ್ಸರಿನ ಲೋಕದಲ್ಲಿ ಸಣ್ಣದಲ್ಲ.

ಹಿಂದೆ ಹೀಗಿರಲಿಲ್ಲ. ೧೯೭೦ರ ಸುಮಾರಿನವರೆಗೂ ಹರಡಿದ ವೃಷಣ ಕ್ಯಾನ್ಸರ್ ಎಂದರೆ ನೂರಕ್ಕೆ ತೊಂಬತ್ತು ಪಾಲು ಸಾವೇ. ಅದನ್ನು ಬದಲಿಸಿದ ಕಥೆ ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಲ್ಲ. ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ, ಜೀವಕೋಶ ಒಡೆದು ಎರಡಾಗುವುದರ ಮೇಲೆ ವಿದ್ಯುತ್ತಿನ ಪ್ರಭಾವವುಂಟೇ ಎಂದು ನೋಡಲು ಹೊರಟ. ಬ್ಯಾಕ್ಟೀರಿಯಾ ಬೆಳೆಯುತ್ತಿದ್ದ ದ್ರವದಲ್ಲಿ ಪ್ಲಾಟಿನಂ ಕಡ್ಡಿಗಳನ್ನಿಟ್ಟು ವಿದ್ಯುತ್ತು ಹರಿಸಿದ. ಬ್ಯಾಕ್ಟೀರಿಯಾಗಳು ಒಡೆಯುವುದನ್ನು ನಿಲ್ಲಿಸಿ, ಶ್ಯಾವಿಗೆಯ ಎಳೆಗಳಂತೆ ಉದ್ದುದ್ದಕ್ಕೆ ಬೆಳೆದುಬಿಟ್ಟವು. ವಿದ್ಯುತ್ತಿನ ಮಹಿಮೆಯೆಂದು ಬಗೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹುಡುಕುತ್ತ ಹೋದಾಗ, ಜಡವೆಂದು ಎಲ್ಲರೂ ನಂಬಿದ್ದ ಪ್ಲಾಟಿನಂ ಸ್ವಲ್ಪ ಸ್ವಲ್ಪವಾಗಿ ಕರಗಿ ದ್ರವದೊಡನೆ ಸೇರಿ ಹೊಸ ಸಂಯುಕ್ತಗಳಾಗಿದ್ದುದು ಕಂಡಿತು. ಅವುಗಳಲ್ಲೊಂದು, ಇಟಲಿಯ ಮಿಕೆಲೆ ಪೆಯ್ರೋನೆ ೧೮೪೪ರಷ್ಟು ಹಿಂದೆಯೇ ತಯಾರಿಸಿ, ಉಪಯೋಗ ತಿಳಿಯದೆ ಬಿಟ್ಟಿದ್ದ ವಸ್ತು. ೧೯೬೫ರಲ್ಲಿ ರೋಸೆನ್‌ಬರ್ಗ್ ತನ್ನ ಶೋಧವನ್ನು ಪ್ರಕಟಿಸಿದ. ಒಡೆಯುವುದನ್ನು ನಿಲ್ಲಿಸುವ ವಸ್ತು, ಹತೋಟಿಯಿಲ್ಲದೆ ಒಡೆಯುವ ಕ್ಯಾನ್ಸರ್ ಕೋಶವನ್ನೂ ನಿಲ್ಲಿಸಬಾರದೇಕೆ? ಆ ವಸ್ತುವೇ ಇಂದಿನ ಸಿಸ್‌ಪ್ಲಾಟಿನ್.

೧೯೭೪ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದ ತರುಣ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಇದನ್ನು ಬೇರೆರಡು ಔಷಧಗಳೊಡನೆ ಬೆರಸಿ ವೃಷಣ ಕ್ಯಾನ್ಸರಿಗೆ ಕೊಟ್ಟುನೋಡಿದ. ಜಾನ್ ಕ್ಲೀಲೆಂಡ್ ಎಂಬ ವಿದ್ಯಾರ್ಥಿಗೆ ರೋಗ ಶ್ವಾಸಕೋಶಕ್ಕೆ ಹಬ್ಬಿ, ಉಳಿದ ಔಷಧಗಳೆಲ್ಲ ಸೋತು, ಆಸೆ ಬಿಟ್ಟುಹೋಗಿತ್ತು. ಹೊಸ ಔಷಧದಿಂದ ವಾಂತಿ ಭಯಂಕರವಾಗಿತ್ತು. ಆದರೆ ಎಕ್ಸ್‌ರೇಯಲ್ಲಿ ಕಾಣುತ್ತಿದ್ದ ಗೆಡ್ಡೆಗಳು ಕರಗಿಹೋದವು. ಆತ ಗುಣಹೊಂದಿ, ಮುಂದೆ ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾಗಿ ದಶಕಗಳ ಕಾಲ ಬದುಕಿದ. ೧೯೭೮ರಲ್ಲಿ ಅಮೆರಿಕ ಸರ್ಕಾರ ಔಷಧಕ್ಕೆ ಮಂಜೂರಾತಿ ಕೊಟ್ಟಿತು. ಸಾವು ತೊಂಬತ್ತು ಪಾಲಿದ್ದ ರೋಗದಲ್ಲಿ ಬದುಕು ಎಂಬತ್ತು ಪಾಲಾಯಿತು.

ಇದೇ ವೈದ್ಯರ ಕೈಗುಣ ನಮ್ಮ ದೇಶದ ಮನೆಮಾತಾದ ಆಟಗಾರನೊಬ್ಬನಿಗೂ ದೊರೆಯಿತು. ೨೦೧೧ರ ಮಾರ್ಚ್ ೬ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐರ್ಲೆಂಡಿನ ವಿರುದ್ಧ ಯುವರಾಜ್ ಸಿಂಗ್ ಐದು ವಿಕೆಟ್ ಕಿತ್ತು, ಐವತ್ತು ರನ್ನನ್ನೂ ಹೊಡೆದದ್ದನ್ನು ಕಂಡವರು ನಮ್ಮ ಓದುಗರಲ್ಲಿ ಅನೇಕರಿದ್ದಾರು. ಆ ವಿಶ್ವಕಪ್ಪಿನುದ್ದಕ್ಕೂ ಕೆಮ್ಮು, ಆಯಾಸ, ವಾಂತಿ ಅವರನ್ನು ಕಾಡುತ್ತಿದ್ದವು. ಎರಡು ಶ್ವಾಸಕೋಶಗಳ ನಡುವೆ ಗೆಡ್ಡೆ ಬೆಳೆದಿತ್ತು. ವೃಷಣದಲ್ಲಿ ಹುಟ್ಟದಿದ್ದರೂ ಆ ಗೆಡ್ಡೆ ವೃಷಣ ಕ್ಯಾನ್ಸರಿನ ಜಾತಿಯದೇ, ಸೆಮಿನೋಮ. ೨೦೧೨ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಐನ್‌ಹಾರ್ನ್ ಅವರ ಆರೈಕೆಯಲ್ಲಿ ಮೂರು ಸುತ್ತು ಚಿಕಿತ್ಸೆಯಾಯಿತು. ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಭಾರತದ ಪರವಾಗಿ ಆಡಿದರು. ಬೋಳುತಲೆಯ ತಮ್ಮ ಚಿತ್ರವನ್ನು ಅವರೇ ಲೋಕಕ್ಕೆ ತೋರಿಸಿದರು. ಇದನ್ನು ಇಂಗ್ಲೆಂಡಿನ ಫುಟ್‌ಬಾಲ್ ನಾಯಕ ಬಾಬಿ ಮೂರ್‌ನೊಡನೆ ಹೋಲಿಸಿ ನೋಡಿ. ೧೯೬೪ರಲ್ಲಿ ಇಪ್ಪತ್ತಮೂರರ ಹರೆಯದಲ್ಲಿ ಆತನ ಒಂದು ವೃಷಣವನ್ನು ಕ್ಯಾನ್ಸರಿಗಾಗಿ ತೆಗೆದರು. ಎರಡು ವರ್ಷ ಕಳೆಯುವುದರೊಳಗೆ ವಿಶ್ವಕಪ್ಪನ್ನು ಎತ್ತಿಹಿಡಿದ. ಲೋಕವೆಲ್ಲ ಆ ಚಿತ್ರ ನೋಡಿತು. ರೋಗದ ವಿಷಯ ಮಾತ್ರ ೧೯೯೩ರಲ್ಲಿ ಆತ ಬೇರೊಂದು ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗೂ ಜನಕ್ಕೆ ತಿಳಿಯಲಿಲ್ಲ.

ಹೆಣ್ಣು ಕೊಡುವವರೂ ತೆಗೆದುಕೊಳ್ಳುವವರೂ ಕೇಳಿಯೇ ಕೇಳುವ ಪ್ರಶ್ನೆ ಒಂದುಂಟು. ಒಂದು ವೃಷಣ ಹೋದರೆ ಗಂಡಸುತನ ಹೋಗುವುದಿಲ್ಲ. ಇನ್ನೊಂದು ಆರೋಗ್ಯವಾಗಿದ್ದರೆ ದಾಂಪತ್ಯಕ್ಕೂ ಸಂತಾನಕ್ಕೂ ಸಾಮಾನ್ಯವಾಗಿ ಅದೊಂದೇ ಸಾಕು. ಚಿಕಿತ್ಸೆಯಿಂದ ವೀರ್ಯಾಣುಗಳಿಗೆ ತಾತ್ಕಾಲಿಕವಾಗಿಯೋ ಕೆಲವರಲ್ಲಿ ಶಾಶ್ವತವಾಗಿಯೋ ಹಾನಿಯಾಗಬಹುದಾದ್ದರಿಂದ, ಮೊದಲೇ ವೀರ್ಯವನ್ನು ಶೈತ್ಯಾಗಾರದಲ್ಲಿ ಕಾದಿರಿಸುವ ಏರ್ಪಾಡು ದೊಡ್ಡ ನಗರಗಳಲ್ಲಿದೆ. ಇದನ್ನು ಚಿಕಿತ್ಸೆಗೆ ಮುಂಚೆ ಕೇಳಬೇಕು. ಅನಂತರ ಕೇಳಿ ಫಲವಿಲ್ಲ. ಹೊರನೋಟಕ್ಕೆ ವ್ಯತ್ಯಾಸ ಕಾಣದಿರಲೆಂದು ಬಯಸುವವರಿಗೆ ಸಿಲಿಕೋನಿನ ಕೃತಕ ವೃಷಣವೂ ಸಿಕ್ಕುತ್ತದೆ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ನಮ್ಮಲ್ಲೇ ಇದೆ. ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹತ್ತಿರದ ಶಸ್ತ್ರವೈದ್ಯರು ಸಾಕು.

ಕೊನೆಗೆ ತಾಯಂದಿರಿಗೆ. ಗಂಡುಮಗುವಿಗೆ ಎಣ್ಣೆ ಹಚ್ಚಿ ಎರೆಯುವಾಗ ಚೀಲದಲ್ಲಿ ಎರಡೂ ವೃಷಣಗಳಿವೆಯೇ ಎಂದು ಬೆರಳಿನಿಂದ ನೋಡಿ. ನೀರು ಬೆಚ್ಚಗಿರಲಿ, ಕೈ ತಣ್ಣಗಿದ್ದರೆ ಅವು ಮೇಲಕ್ಕೆ ಸರಿದು ಮೋಸಮಾಡುತ್ತವೆ. ದಿನ ತುಂಬಿ ಹುಟ್ಟಿದ ನೂರು ಗಂಡುಶಿಶುಗಳಲ್ಲಿ ಎರಡು ಮೂರಕ್ಕೆ ಹುಟ್ಟುವಾಗ ಒಂದಾದರೂ ಇಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ಬಹುಪಾಲು ಕೆಲವು ತಿಂಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆರು ತಿಂಗಳಾದರೂ ಇಳಿಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. “ದೊಡ್ಡವನಾದಮೇಲೆ ಸರಿಹೋಗುತ್ತದೆ” ಎನ್ನುವ ಅಜ್ಜಿಯ ಮಾತಿಗೆ ಗೌರವ ಕೊಟ್ಟು, ಶಸ್ತ್ರಚಿಕಿತ್ಸೆಯನ್ನು ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಮಾಡಿಸಿಬಿಡಿ.